ಉಗ್ರಾಣದ ಹೆಸರು ಆಕರವಾಗದು: ಶಿವಮೊಗ್ಗ, ಭದ್ರಾವತಿಗಳ ಭಾಷಾ ವರದಿಗಳಲ್ಲಿ ದತ್ತಾಂಶದ ಉಲ್ಲೇಖ

ಒಂದು ಊರಿನ ಅಥವಾ ಜಿಲ್ಲೆಯ ಭಾಷಾ ಪರಿಸ್ಥಿತಿಯನ್ನು ಕುರಿತ ವರದಿಗಳಲ್ಲಿ, ಪಿಎಚ್‌.ಡಿ. ಪ್ರಬಂಧಗಳ ಮೊದಲ ಅಧ್ಯಾಯಗಳಲ್ಲಿ, ಭಾಷಿಕರ ಸಂಖ್ಯೆಯನ್ನು ಕೊಡುವ ಕೋಷ್ಟಕವೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದರ ಅಡಿಯಲ್ಲಿ ಒಂದು ಸಾಲು: 'ಆಕರ: ಭಾರತದ ಜನಗಣತಿ 2011'. ಓದುಗರು ಅಷ್ಟಕ್ಕೆ ತೃಪ್ತರಾಗಿ ಮುಂದಕ್ಕೆ ಹೋಗುತ್ತಾರೆ. ಪರಿಶೀಲಕರೂ ಹೆಚ್ಚಿನ ಸಂದರ್ಭಗಳಲ್ಲಿ ಹಾಗೆಯೇ ಹೋಗುತ್ತಾರೆ. ಆ ಸಾಲು ಏನನ್ನು ತಿಳಿಸುತ್ತದೆ, ಏನನ್ನು ಮುಚ್ಚಿಡುತ್ತದೆ ಎಂಬುದನ್ನು ಶಿವಮೊಗ್ಗ ಮತ್ತು ಭದ್ರಾವತಿಗಳ ನಿದರ್ಶನದಿಂದ ಪರೀಕ್ಷಿಸುವುದು ಈ ಲೇಖನದ ಉದ್ದೇಶ. ದತ್ತಾಂಶವನ್ನು ಕೂಡಿಟ್ಟ ಉಗ್ರಾಣದ ಹೆಸರನ್ನು ಹೇಳಿದ ಮಾತ್ರಕ್ಕೆ ದತ್ತಾಂಶವನ್ನು ಉಲ್ಲೇಖಿಸಿದಂತಾಗುವುದಿಲ್ಲ ಎಂಬುದು ನಮ್ಮ ವಾದ. ಉಗ್ರಾಣದೊಳಗಿನ ಪ್ರತಿಯೊಂದು ಅಂಶವನ್ನೂ ಯಾರೋ ಹೇಳಿದ್ದಾರೆ, ಯಾರೋ ಬರೆದುಕೊಂಡಿದ್ದಾರೆ, ಇನ್ನಾರೋ ವಿಂಗಡಿಸಿದ್ದಾರೆ. ಈ ಮೂರು ಹಂತಗಳಲ್ಲಿ ನಾವು ಯಾವುದರ ಮೇಲೆ ನಿಂತು ಮಾತನಾಡುತ್ತಿದ್ದೇವೆ ಎಂಬುದು ಉಲ್ಲೇಖದಲ್ಲಿ ಕಾಣದಿದ್ದರೆ, ನಮ್ಮ ತೀರ್ಮಾನವನ್ನು ಒಪ್ಪಲೂ ನಿರಾಕರಿಸಲೂ ಮತ್ತೊಬ್ಬರಿಗೆ ದಾರಿಯಿರುವುದಿಲ್ಲ.

ಜನಗಣತಿಯಿಂದಲೇ ಆರಂಭಿಸೋಣ. ವ್ಯಕ್ತಿಯ ಬಾಲ್ಯದಲ್ಲಿ ಆತನ ಅಥವಾ ಆಕೆಯ ತಾಯಿ ಆಡುತ್ತಿದ್ದ ಭಾಷೆಯೇ ಮಾತೃಭಾಷೆ ಎಂಬುದು 2011ರ ಗಣತಿಯ ವ್ಯಾಖ್ಯೆ. ಮನೆಯವರು ಹೇಳಿದ ಹೆಸರನ್ನು ಹೇಳಿದಂತೆಯೇ ಬರೆದುಕೊಳ್ಳಬೇಕೆಂಬುದು ಗಣತಿದಾರರಿಗೆ ಇದ್ದ ಸೂಚನೆ. ಹೀಗೆ ದೇಶದಾದ್ಯಂತ ಬಂದ ಹೆಸರುಗಳು 19,569. ಕಾಗುಣಿತದ ಭೇದಗಳನ್ನೂ ಪರ್ಯಾಯ ಹೆಸರುಗಳನ್ನೂ ಪರಿಶೀಲಿಸಿದ ಮೇಲೆ ಉಳಿದ ಮಾತೃಭಾಷೆಗಳು 1,369. ಇನ್ನೂ 1,474 ಹೆಸರುಗಳು ವರ್ಗೀಕರಣಕ್ಕೆ ಒಳಪಡದೆ 'ಇತರೆ' ಎಂಬ ಗುಂಪಿಗೆ ಸೇರಿದವು. ದೇಶದಲ್ಲಿ 10,000ಕ್ಕಿಂತ ಕಡಿಮೆಯಿಲ್ಲದಷ್ಟು ಭಾಷಿಕರುಳ್ಳ 270 ಮಾತೃಭಾಷೆಗಳು ಮಾತ್ರ ಪ್ರಕಟಿತ ಪಟ್ಟಿಯಲ್ಲಿ ಸ್ವಂತ ಹೆಸರಿನಿಂದ ಉಳಿದವು. ಅವುಗಳನ್ನು ಮತ್ತೆ 121 ಭಾಷೆಗಳ ಅಡಿಯಲ್ಲಿ ಗುಂಪುಗೂಡಿಸಲಾಯಿತು. ಮನೆಯ ಬಾಗಿಲಲ್ಲಿ ಆಡಿದ ಮಾತಿಗೂ ನಮ್ಮ ವರದಿಯ ಕೋಷ್ಟಕಕ್ಕೂ ನಡುವೆ ಇಷ್ಟು ಜರಡಿಗಳಿವೆ. 2018ರಲ್ಲಿ ಪ್ರಕಟವಾದ ಸಿ-16 ಕೋಷ್ಟಕದಿಂದ ಅಂಕಿ ತೆಗೆದುಕೊಂಡವರು ಯಾವ ಜರಡಿಯ ಅಡಿಯಲ್ಲಿ ಕೈಯೊಡ್ಡಿದರು ಎಂಬುದನ್ನು 'ಜನಗಣತಿ 2011' ಎಂಬ ಎರಡು ಪದ ಹೇಳಲಾರವು.

ಇದು ಕೇವಲ ವಿಧಿನಿಷ್ಠೆಯ ಮಾತಲ್ಲ. ಕನ್ನಡ ಭಾಷಿಕರ ಸಂಖ್ಯೆ ಎಷ್ಟು ಎಂಬ ಪ್ರಶ್ನೆಗೆ 2011ರ ಗಣತಿಯಲ್ಲಿ 4,37,06,512 ಎಂಬ ಉತ್ತರವಿದೆ. 4,35,06,272 ಎಂಬ ಉತ್ತರವೂ ಇದೆ. ಮೊದಲನೆಯದು 'ಕನ್ನಡ' ಎಂಬ ಗುಂಪಿನ ಮೊತ್ತ. ಎರಡನೆಯದು ಆ ಗುಂಪಿನೊಳಗೆ 'ಕನ್ನಡ' ಎಂಬ ಹೆಸರನ್ನೇ ಹೇಳಿದವರ ಮೊತ್ತ. ನಡುವಿನ 2,00,240 ಜನರಲ್ಲಿ ನೀಲಗಿರಿಯ ಬಡಗರೂ ಇದ್ದಾರೆ. ಬಡಗವನ್ನು ಸ್ವತಂತ್ರ ಭಾಷೆಯೆಂದು ಒಂದು ಅಧ್ಯಾಯದಲ್ಲಿ ವಾದಿಸಿ, ಇನ್ನೊಂದು ಅಧ್ಯಾಯದಲ್ಲಿ ಬಡಗರನ್ನೂ ಒಳಗೊಂಡ ಮೊದಲ ಅಂಕಿಯನ್ನು ಕನ್ನಡಿಗರ ಸಂಖ್ಯೆಯೆಂದು ಕೊಡುವುದು ಸುಲಭವಾಗಿ ನಡೆದುಹೋಗುವ ಸಂಗತಿ. ಎರಡೂ ಕಡೆ ಅಡಿಟಿಪ್ಪಣಿ ಒಂದೇ ಆಗಿರುವುದರಿಂದ ಈ ವಿರೋಧ ಯಾರ ಕಣ್ಣಿಗೂ ಬೀಳುವುದಿಲ್ಲ.

ಶಿವಮೊಗ್ಗ ಜಿಲ್ಲೆಗೆ ಬಂದರೆ ವಿಷಯ ಇನ್ನಷ್ಟು ತೀಕ್ಷ್ಣವಾಗುತ್ತದೆ. ಜಿಲ್ಲೆಯ ಶಿಕಾರಿಪುರ, ಶಿವಮೊಗ್ಗ, ಭದ್ರಾವತಿ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳಿವೆ. ಗಣತಿಯ ವರ್ಗೀಕರಣದಲ್ಲಿ 'ಲಮಾಣಿ/ಲಂಬಾಡಿ' ಹಿಂದಿಯ ಅಡಿಯಲ್ಲಿ ಬರುವ ಮಾತೃಭಾಷೆ. 'ಬಂಜಾರಿ' ಎಂದು ಹೇಳಿದವರು ಮತ್ತೊಂದು ಸಾಲಿನಲ್ಲಿದ್ದಾರೆ; ಆ ಸಾಲೂ ಹಿಂದಿಯದೇ ಅಡಿಯಲ್ಲಿದೆ. ಹೀಗಾಗಿ ಜಿಲ್ಲೆಯ ಭಾಷಾವಾರು ಅಂಕಿಗಳನ್ನು ಗುಂಪಿನ ಮಟ್ಟದಲ್ಲಿ ಮಾತ್ರ ತೆಗೆದ ವರದಿಯಲ್ಲಿ ತಾಂಡಾದ ಮುದುಕಿಯೊಬ್ಬಳು ಹಿಂದಿ ಭಾಷಿಕಳಾಗಿಬಿಡುತ್ತಾಳೆ. ಆಕೆಗೆ ಹಿಂದಿ ಒಂದು ಮಾತೂ ಬಾರದಿರಬಹುದು. ಹೊರಗಿನವರೊಡನೆ ಆಕೆ ಆಡುವುದು ಕನ್ನಡ. ಮುಂದಿನ ಲೇಖಕರು ಆ ಅಂಕಿಯನ್ನು ಎತ್ತಿಕೊಂಡು 'ಮಲೆನಾಡಿನಲ್ಲಿ ಹಿಂದಿಯ ಪ್ರಸಾರ' ಎಂದು ಬರೆಯುತ್ತಾರೆ. ಅದಕ್ಕೂ ಮುಂದಿನವರು ಶಾಲಾ ಭಾಷಾನೀತಿಯ ಚರ್ಚೆಯಲ್ಲಿ ಅದನ್ನು ಬಳಸುತ್ತಾರೆ. ತಾಂಡಾದ ಮಗು ಒಂದನೆಯ ತರಗತಿಗೆ ಯಾವ ಭಾಷೆಯನ್ನು ಹೊತ್ತು ಬರುತ್ತದೆ ಎಂಬ ಪ್ರಶ್ನೆಗೆ ಆಗ ಸಿಗುವ ಉತ್ತರ ತಪ್ಪು; ಆ ತಪ್ಪಿನ ಬೇರು ಇರುವುದು ಗಣತಿಯಲ್ಲಲ್ಲ, ನಮ್ಮ ಅಡಿಟಿಪ್ಪಣಿಯಲ್ಲಿ. ಗಣತಿ ತನ್ನ ಉಪಸಾಲನ್ನು ಪ್ರಕಟಿಸಿಯೇ ಇತ್ತು.

ಉಪಸಾಲೇ ಇಲ್ಲದವರ ಸ್ಥಿತಿ ಬೇರೆ. ಶಿವಮೊಗ್ಗ ನಗರಕ್ಕೆ ಸಮೀಪದಲ್ಲಿ, ತುಂಗೆಯ ಎರಡು ದಡಗಳಲ್ಲಿ ಮತ್ತೂರು ಮತ್ತು ಹೊಸಹಳ್ಳಿಗಳಿವೆ. ಅಲ್ಲಿನ ಸಂಕೇತಿ ಸಮುದಾಯದ ಮನೆಮಾತು ಸಂಕೇತಿ. ತಮಿಳಿನೊಡನೆ ಅದಕ್ಕಿರುವ ಸಂಬಂಧವೂ ಅದರ ಮೇಲೆ ಕನ್ನಡ ಬೀರಿರುವ ಪ್ರಭಾವವೂ ದ್ರಾವಿಡ ಭಾಷಾವಿಜ್ಞಾನಕ್ಕೆ ಬಹಳ ಬೆಲೆಯುಳ್ಳ ವಿಷಯಗಳು. ಆದರೆ 270 ಹೆಸರುಗಳ ಪಟ್ಟಿಯಲ್ಲಿ ಸಂಕೇತಿ ಇಲ್ಲ. ಪಟ್ಟಿಯಲ್ಲಿಲ್ಲ ಎಂಬುದನ್ನು 'ಸಂಕೇತಿ ಭಾಷಿಕರ ಬಗ್ಗೆ ಗಣತಿ ಮೌನವಾಗಿದೆ' ಎಂದು ಬರೆಯುವುದು ಸರಿ. 'ಸಂಕೇತಿ ಭಾಷಿಕರು ಇಲ್ಲ' ಅಥವಾ 'ಅವರು ತಮಿಳು ಭಾಷಿಕರು' ಎಂದು ಬರೆಯುವುದು ಸರಿಯಲ್ಲ. ಈ ಎರಡು ವಾಕ್ಯಗಳ ನಡುವಿನ ಅಂತರ ಕಾಣಬೇಕಾದರೆ 10,000ದ ಮಿತಿಯನ್ನು ಉಲ್ಲೇಖದಲ್ಲಿಯೇ ಹೇಳಬೇಕಾಗುತ್ತದೆ.

ಮತ್ತೂರಿನ ಹೆಸರು ಬಂದಲ್ಲಿ ಸಂಸ್ಕೃತದ ಮಾತು ಬಾರದಿರದು. 1980ರ ದಶಕದಿಂದ ಈಚೆಗೆ ಆ ಊರು 'ಸಂಸ್ಕೃತ ಗ್ರಾಮ'ವೆಂದು ಪ್ರಸಿದ್ಧವಾಗಿದೆ. ಅಂಗಡಿಯಲ್ಲಿಯೂ ಬೀದಿಯಲ್ಲಿಯೂ ಸಂಸ್ಕೃತವೇ ನಡೆಯುತ್ತದೆಂಬ ಪತ್ರಿಕಾ ಬರಹಗಳು ಹಲವು ಭಾಷೆಗಳಲ್ಲಿ ಬಂದಿವೆ. ಇದನ್ನು ಸಮರ್ಥಿಸುವವರೂ ಖಂಡಿಸುವವರೂ ಗಣತಿಯ ಅಖಿಲ ಭಾರತ ಅಂಕಿಗಳನ್ನೇ ಹಿಡಿಯುತ್ತಾರೆ. ಸಂಸ್ಕೃತವನ್ನು ಮಾತೃಭಾಷೆಯೆಂದು ಹೇಳಿದವರು 1981ರಲ್ಲಿ 6,106, 1991ರಲ್ಲಿ 49,736, 2001ರಲ್ಲಿ 14,135, 2011ರಲ್ಲಿ 24,821. ತಾಯಿಯಿಂದ ಮಗುವಿಗೆ ಇಳಿದುಬರುವ ಭಾಷೆಯೊಂದು ಹತ್ತು ವರ್ಷದಲ್ಲಿ ಎಂಟು ಪಟ್ಟು ಬೆಳೆದು, ಮುಂದಿನ ಹತ್ತು ವರ್ಷದಲ್ಲಿ ಮೂರನೆಯ ಒಂದು ಭಾಗಕ್ಕಿಂತಲೂ ಕೆಳಗೆ ಕುಸಿಯುವುದು ಸಾಧ್ಯವಿಲ್ಲ. ಏರಿಳಿದದ್ದು ಭಾಷೆಯ ಬಳಕೆಯಲ್ಲ. ಭಾಷೆಯ ಹೆಸರನ್ನು ಹೇಳುವ ಇಚ್ಛೆ. ಅದು ಕೂಡ ಗಂಭೀರ ಸಮಾಜಭಾಷಾವೈಜ್ಞಾನಿಕ ಸಂಗತಿಯೇ. ಆದರೆ ನಾಲ್ಕರಲ್ಲಿ ಒಂದೇ ಅಂಕಿಯನ್ನು, ವರ್ಷದ ಆಯ್ಕೆಗೆ ಕಾರಣ ಕೊಡದೆ, 'ಆಕರ: ಜನಗಣತಿ' ಎಂದು ಬರೆದು ಮುಂದಿಟ್ಟವರು ತಮಗೆ ಬೇಕಾದ ಮತ್ತೂರನ್ನು ಕಟ್ಟಿಕೊಳ್ಳಬಲ್ಲರು. ಮತ್ತೂರಿನ ಮನೆಯೊಳಗೆ ಅಜ್ಜಿಗೂ ಮೊಮ್ಮಗುವಿಗೂ ನಡುವೆ ಯಾವ ಮಾತು ಓಡಾಡುತ್ತದೆ ಎಂಬುದಕ್ಕೆ ಅಖಿಲ ಭಾರತ ಅಂಕಿ ಎರಡೂ ಪಕ್ಷಕ್ಕೆ ಸಾಕ್ಷಿಯಾಗಲಾರದು. ಅದಕ್ಕೆ ಬೇಕಾದದ್ದು ಧ್ವನಿಮುದ್ರಣ, ಅದರ ದಿನಾಂಕ, ಅದನ್ನು ಮಾಡಿದವರ ಹೆಸರು, ಯಾರು ಯಾರೊಡನೆ ಮಾತನಾಡುತ್ತಿದ್ದರು ಎಂಬ ವಿವರ.

ಭದ್ರಾವತಿಯಲ್ಲಿ ಇನ್ನೊಂದು ಬಗೆಯ ತೊಡಕು. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯೂ, 1930ರ ದಶಕದಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯೂ ಬೆಂಕಿಪುರವೆಂಬ ಹಳೆಯ ಊರನ್ನು ಕೈಗಾರಿಕಾ ನಗರವನ್ನಾಗಿಸಿದವು. ತಮಿಳು, ತೆಲುಗು, ಉರ್ದು, ಮಲಯಾಳ ಮಾತನಾಡುವ ಕುಟುಂಬಗಳು ಬಂದು ನೆಲೆನಿಂತವು. 2011ರಲ್ಲಿ ನಗರದ ಜನಸಂಖ್ಯೆ 1,51,102. ಇಲ್ಲಿ 'ತಮಿಳು' ಎಂದು ಬರೆಸಿದ ಮನೆಯಲ್ಲಿ ಮೂರನೆಯ ತಲೆಮಾರಿನವರು ಪರಸ್ಪರ ಆಡುವುದು ಕನ್ನಡವಿರಬಹುದು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದ ಕನ್ನಡ ಮನೆಯ ಹುಡುಗನಿಗೆ ತಮಿಳು ಸರಾಗವಾಗಿ ಬರಬಹುದು. ತಾಯಿಯ ಭಾಷೆಯನ್ನು ಕೇಳುವ ಗಣತಿ ಇದನ್ನು ಹಿಡಿಯಲು ಹುಟ್ಟಿದ್ದಲ್ಲ. ಆದ್ದರಿಂದ ಭದ್ರಾವತಿಯ ಬಹುಭಾಷಿಕತೆಯನ್ನು ಕುರಿತು ಬರೆಯುವವರು ಮಾತೃಭಾಷೆಯ ಕೋಷ್ಟಕವನ್ನು ಭಾಷಾಬಳಕೆಯ ಸಾಕ್ಷ್ಯವಾಗಿ ಉಲ್ಲೇಖಿಸುವುದನ್ನು ಬಿಡಬೇಕು. ಉಲ್ಲೇಖಿಸಲೇಬೇಕಾದರೆ 'ಘೋಷಿತ ಮಾತೃಭಾಷೆ' ಎಂಬ ವಿಶೇಷಣವನ್ನು ಕೋಷ್ಟಕದ ಶೀರ್ಷಿಕೆಯಲ್ಲಿಯೇ ಸೇರಿಸಬೇಕು.

ಕ್ಷೇತ್ರಕಾರ್ಯದಿಂದ ತಂದ ಮಾತಿನ ಉಲ್ಲೇಖವಂತೂ ಇನ್ನೂ ಬಡವಾಗಿದೆ. 'ಭದ್ರಾವತಿಯ ವಕ್ತೃ, ಪುರುಷ, 45' ಎಂಬಷ್ಟರಿಂದ ಏನು ತಿಳಿಯುತ್ತದೆ? ಹಳೇನಗರದವರೇ, ನ್ಯೂಟೌನಿನವರೇ, ಕಾಗದನಗರದವರೇ? ಆ ಊರಿನ ಮಟ್ಟಿಗೆ ಈ ಮೂರು ಹೆಸರು ಮೂರು ವಲಸೆಯ ಚರಿತ್ರೆಗಳು. ಆದರೆ ವಿವರ ಹೆಚ್ಚಿದಷ್ಟೂ ವ್ಯಕ್ತಿಯ ಗುರುತು ಬಯಲಾಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಬಡಾವಣೆ, ವಯಸ್ಸು, ವೃತ್ತಿ, ಮನೆಮಾತು ಇಷ್ಟನ್ನು ಒಟ್ಟಿಗೆ ಕೊಟ್ಟರೆ ಸಣ್ಣ ಸಮುದಾಯದಲ್ಲಿ ಆತ ಯಾರೆಂದು ನೆರೆಯವರಿಗೆ ತಿಳಿದುಹೋಗುತ್ತದೆ. ಪ್ರತಿಯೊಬ್ಬ ವಕ್ತೃವಿಗೂ ಒಂದು ಸಂಕೇತಸಂಖ್ಯೆ ಕೊಟ್ಟು, ಉದಾಹರಣೆಯ ಪಕ್ಕದಲ್ಲಿ ಆ ಸಂಖ್ಯೆಯನ್ನೂ ಧ್ವನಿಮುದ್ರಣದ ನಿಮಿಷ-ಸೆಕೆಂಡನ್ನೂ ಬರೆದು, ವಿವರವನ್ನು ದಾಖಲೆಯೊಡನೆ ಅನುಮತಿಯ ಮಿತಿಯೊಳಗೆ ಇರಿಸುವುದು ನಮಗೆ ಒಪ್ಪಿಗೆಯಾದ ದಾರಿ. ಮುದ್ರಣವನ್ನು ಕೇಳಬಯಸುವ ಸಂಶೋಧಕರಿಗೆ ಅದು ಎಲ್ಲಿದೆ, ಯಾರ ಅನುಮತಿ ಬೇಕು ಎಂಬುದು ತಿಳಿದರೆ ಸಾಕು.

ಹಳೆಯ ಆಕರಗಳತ್ತ ತಿರುಗಿದರೆ ಒಂದು ವಿಪರ್ಯಾಸ ಕಾಣುತ್ತದೆ. ಗಣಕಯಂತ್ರವಿಲ್ಲದ ಕಾಲದ ನಮ್ಮ ವಿದ್ವಾಂಸರು ಇಂದಿನವರಿಗಿಂತ ನಿಖರವಾಗಿ ಉಲ್ಲೇಖಿಸುತ್ತಿದ್ದರು. ಬಿ. ಎಲ್. ರೈಸ್ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಏಳನೆಯ (1902) ಮತ್ತು ಎಂಟನೆಯ (1904) ಸಂಪುಟಗಳಲ್ಲಿ ಪ್ರಕಟಿಸಿದಾಗ ತಾಲ್ಲೂಕಿನ ಹೆಸರು ಮತ್ತು ಸಂಖ್ಯೆಯಿಂದ ಪ್ರತಿ ಶಾಸನಕ್ಕೂ ಗುರುತು ಕೊಟ್ಟರು. 'ಶಿಕಾರಿಪುರ 176' ಎಂದರೆ ತಾಳಗುಂದದ ಸ್ತಂಭಶಾಸನ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಎ. ಎನ್. ನರಸಿಂಹಯ್ಯನವರ 1941ರ ವ್ಯಾಕರಣವಾಗಲಿ, ಜಿ. ಎಸ್. ಗಾಯಿಯವರ 1946ರ ಐತಿಹಾಸಿಕ ವ್ಯಾಕರಣವಾಗಲಿ ನಿಂತಿರುವುದು ಒಂದೊಂದು ರೂಪವನ್ನೂ ಇಂತಿಂಥ ಶಾಸನದ್ದೆಂದು ಹೇಳುವ ಶಿಸ್ತಿನ ಮೇಲೆ. ಇಂದು ಅದೇ ಶಾಸನಗಳು ಅಂಕೀಕೃತ ರೂಪದಲ್ಲಿ ಸಿಗುತ್ತಿರುವಾಗ, 'ಶಾಸನ ದತ್ತಸಂಚಯದಲ್ಲಿ ಹುಡುಕಲಾಗಿ ಈ ರೂಪ ಇಂತಿಷ್ಟು ಬಾರಿ ಕಂಡುಬಂದಿತು' ಎಂಬ ವಾಕ್ಯಗಳನ್ನು ನಾವು ಓದುತ್ತಿದ್ದೇವೆ. ಯಾವ ಶಾಸನದಲ್ಲಿ? ಯಾರ ಪಾಠದಲ್ಲಿ? ತಾಳಗುಂದದ ಶಾಸನವನ್ನೇ ರೈಸ್ ಅವರ ಬಳಿಕ ಕೀಲ್‌ಹಾರ್ನ್ ಎಪಿಗ್ರಾಫಿಯ ಇಂಡಿಕದ ಎಂಟನೆಯ ಸಂಪುಟದಲ್ಲಿ ಮತ್ತೆ ಸಂಪಾದಿಸಿದರು, ಬಿ. ಆರ್. ಗೋಪಾಲ್ ಅವರ ಕದಂಬ ಶಾಸನಗಳ ಸಂಪುಟ (1985), ಗಾಯಿಯವರ ಆದಿ ಕದಂಬ ಶಾಸನಗಳ ಸಂಪುಟ (1996) ಮುಂದೆ ಬಂದವು. ಕಲ್ಲು ಒಂದೇ ಆದರೂ ಪಾಠವನ್ನು ನಿರ್ಣಯಿಸಿದವರು ಹಲವರು. ಸವೆದ ಅಕ್ಷರವನ್ನು ಊಹಿಸಿ ತುಂಬಿದವರು ಯಾರು ಎಂಬುದರ ಮೇಲೆ ವಿಭಕ್ತಿಪ್ರತ್ಯಯವೊಂದರ ಚರಿತ್ರೆ ನಿಂತಿರಬಹುದು.

ಸ್ಥಳನಾಮ ಮತ್ತು ಗಡಿಗಳ ಗೊಂದಲ ಇದಕ್ಕೆ ಸೇರಿಕೊಳ್ಳುತ್ತದೆ. ರೈಸ್ ಅವರ ಏಳನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳೂ ಇವೆ. 1997ರಿಂದ ಅವು ದಾವಣಗೆರೆ ಜಿಲ್ಲೆಗೆ ಸೇರಿವೆ. ಭದ್ರಾವತಿ ಎಂಬ ತಾಲ್ಲೂಕು ಆ ಸಂಪುಟಗಳಲ್ಲಿ ಇಲ್ಲವೇ ಇಲ್ಲ. ಜಿಲ್ಲೆಯ ಹೆಸರು ಇಂಗ್ಲಿಷಿನಲ್ಲಿ 'ಶಿಮೊಗ' ಇದ್ದದ್ದು 2014ರ ನವೆಂಬರ್ 1ರಿಂದ 'ಶಿವಮೊಗ್ಗ' ಆಯಿತು. ಹುಡುಕಾಟದ ಪೆಟ್ಟಿಗೆಯಲ್ಲಿ ಇಂದಿನ ಹೆಸರನ್ನು ಬರೆದು, ಬಂದಷ್ಟನ್ನೇ 'ಜಿಲ್ಲೆಯ ಶಾಸನಗಳು' ಎಂದು ಎಣಿಸಿದರೆ ಎಣಿಕೆ ಎರಡು ಕಡೆಯೂ ತಪ್ಪುತ್ತದೆ. ಅದಲ್ಲದೆ ಜಿಲ್ಲೆಯ ಶಾಸನಗಳೆಲ್ಲ ಕನ್ನಡವಲ್ಲ. ತಾಳಗುಂದದ ಸ್ತಂಭ ಸಂಸ್ಕೃತದಲ್ಲಿದೆ. ಮಳವಳ್ಳಿಯ ಸ್ತಂಭದ ಎರಡು ಶಾಸನಗಳು, ಅಂದರೆ ಶಿಕಾರಿಪುರ 263 ಮತ್ತು 264, ಪ್ರಾಕೃತದಲ್ಲಿವೆ. ಹೀಗಿರುವಾಗ ಎಣಿಕೆಯನ್ನು ಕೊಡುವ ಲೇಖಕರು ಹುಡುಕಿದ ಪದ, ಆಯ್ದ ಭಾಷೆ, ಹುಡುಕಿದ ದಿನ ಈ ಮೂರನ್ನೂ ದಾಖಲಿಸದೆ ಹೋದರೆ ಆ ಎಣಿಕೆಯನ್ನು ಅವರೇ ಮರುವರ್ಷ ಮತ್ತೆ ಪಡೆಯಲಾರರು.

ಗ್ರಿಯರ್ಸನ್ ಅವರ ಭಾರತೀಯ ಭಾಷಾ ಸಮೀಕ್ಷೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಮೈಸೂರು ಸಂಸ್ಥಾನ ಆ ಸಮೀಕ್ಷೆಯ ವ್ಯಾಪ್ತಿಯಲ್ಲಿಯೇ ಇರಲಿಲ್ಲ. 1906ರ ನಾಲ್ಕನೆಯ ಸಂಪುಟದ ಕನ್ನಡ ಮಾದರಿಗಳನ್ನು ಮಲೆನಾಡಿನ ಉಪಭಾಷೆಗೆ ಆಕರವೆಂದು ಹೆಸರಿಸುವವರು ಆ ಸಂಪುಟವನ್ನು ತೆರೆದು ನೋಡಿಲ್ಲ ಎಂದಷ್ಟೇ ಹೇಳಬಹುದು.

ಜಾಗತಿಕ ದತ್ತಸಂಚಯಗಳ ಬಳಕೆ ನಮ್ಮ ವಿದ್ಯಾರ್ಥಿಗಳಲ್ಲಿ ಈಗ ಹೆಚ್ಚುತ್ತಿದೆ. 2005ರಲ್ಲಿ ಗ್ರಂಥವಾಗಿ, 2008ರಿಂದ ಅಂತರ್ಜಾಲದಲ್ಲಿ ಲಭ್ಯವಾಗಿರುವ ಭಾಷಾರಚನೆಗಳ ವಿಶ್ವಭೂಪಟವು, ಎಂದರೆ ವಾಲ್ಸ್, ತನ್ನನ್ನು ಹೇಗೆ ಉಲ್ಲೇಖಿಸಬೇಕೆಂದು ತಾನೇ ಹೇಳುತ್ತದೆ: ಇಡೀ ಭೂಪಟವನ್ನಲ್ಲ, ಆಯಾ ಅಧ್ಯಾಯದ ಲೇಖಕರನ್ನು. ಆದರೂ 'ವಾಲ್ಸ್ ಪ್ರಕಾರ ಕನ್ನಡ ಕರ್ಮ-ಕ್ರಿಯಾ ಕ್ರಮದ ಭಾಷೆ' ಎಂಬ ವಾಕ್ಯ ನಿಂತಿಲ್ಲ. ವಾಲ್ಸ್ ತಾನಾಗಿ ಏನನ್ನೂ ಹೇಳುವುದಿಲ್ಲ; ಅಧ್ಯಾಯದ ಲೇಖಕರು ಒಂದು ವ್ಯಾಕರಣವನ್ನು ಓದಿ ಹೇಳಿದ್ದಾರೆ. ಆ ವ್ಯಾಕರಣ ಶ್ರೀಧರ್ ಅವರ 1990ರದ್ದೇ, ಶಿಫ್‌ಮನ್ ಅವರ 1983ರ ಆಡುಗನ್ನಡದ್ದೇ ಎಂಬುದರ ಮೇಲೆ ಅರ್ಥ ಬದಲಾಗುತ್ತದೆ. (ಎಸ್. ಎನ್. ಶ್ರೀಧರ್ ಅವರ ಹೆಸರಿನ ಮೊದಲಕ್ಷರ ಶಿಕಾರಿಪುರದ್ದು. ಅಷ್ಟರಿಂದ ಅವರ ಗ್ರಂಥ ಶಿಕಾರಿಪುರದ ಆಡುಮಾತಿಗೆ ಆಕರವಾಗುವುದಿಲ್ಲ, ಅದು ಪ್ರಮಾಣ ಕನ್ನಡದ ವಿವರಣೆ.)

ಧ್ವನಿಮಾಪಟ್ಟಿಗಳ ಸಂಚಯವಾದ ಫೊಯಿಬಲ್‌ನಲ್ಲಿ ಒಂದೇ ಭಾಷೆಗೆ ಬೇರೆ ಬೇರೆ ಮೂಲಗಳಿಂದ ಬಂದ ಹಲವು ಪಟ್ಟಿಗಳಿರಬಹುದು. ಕನ್ನಡದಂಥ ಭಾಷೆಗೆ ಇದು ನಿರ್ಣಾಯಕ. ಶಿಷ್ಟರ ಓದಿನ ಮಾತಿನಲ್ಲಿ ಮಹಾಪ್ರಾಣಗಳು ಅರ್ಥಭೇದಕ. ಬಹುಪಾಲು ಆಡುನುಡಿಗಳಲ್ಲಿ ಅವಿಲ್ಲ. ಹಕಾರವೂ ಹಲವು ಕಡೆ ಪದಾದಿಯಲ್ಲಿ ಬಿದ್ದುಹೋಗುತ್ತದೆ. 'ಕನ್ನಡದಲ್ಲಿ ಇಷ್ಟು ವ್ಯಂಜನಗಳು' ಎಂದು ಪಟ್ಟಿಯ ಗುರುತಿಲ್ಲದೆ ಬರೆದರೆ ಲೇಖಕರು ತಮಗರಿವಿಲ್ಲದೆಯೇ ಶಿಷ್ಟ ಕನ್ನಡದ ಪಕ್ಷ ವಹಿಸಿರುತ್ತಾರೆ. ಭದ್ರಾವತಿಯ ಕಾರ್ಮಿಕನ ಕನ್ನಡವನ್ನು ಆ ಪಟ್ಟಿಯ ಎದುರಿಗೆ ಹಿಡಿದು 'ಧ್ವನಿಮಾಲೋಪ' ಎಂದು ವಿವರಿಸುವ ಅಭ್ಯಾಸ ಬಂದದ್ದು ಹೀಗೆ. ಅವನ ಮಾತಿನಲ್ಲಿ ಏನೂ ಲೋಪವಾಗಿಲ್ಲ. ಹೋಲಿಕೆಗೆ ಆಯ್ದ ಪಟ್ಟಿ ಅವನದಾಗಿರಲಿಲ್ಲ.

ಹೆಸರಿನ ತೊಡಕನ್ನೂ ಇಲ್ಲಿಯೇ ಹೇಳಿಬಿಡಬೇಕು. ಡಿ. ಎನ್. ಶಂಕರ ಭಟ್ಟರು ತಮ್ಮ ನಂತರದ ಕನ್ನಡ ಗ್ರಂಥಗಳಲ್ಲಿ ಮಹಾಪ್ರಾಣವನ್ನು ಬಿಟ್ಟು 'ಶಂಕರ ಬಟ್' ಎಂದು ಬರೆದುಕೊಂಡರು. ಇಂಗ್ಲಿಷ್ ಗ್ರಂಥಗಳು 'ಭಟ್' ಎಂಬ ಕೊನೆಯ ಹೆಸರಿನಡಿಯಲ್ಲಿ ಸೂಚಿತವಾಗಿವೆ. ಯಂತ್ರದ ಸೂಚಿಗೆ ಇವರು ಇಬ್ಬರು. ದ್ವಿಭಾಷಾ ಪತ್ರಿಕೆಯಾದ ನಮಗೆ ಇದು ದಿನನಿತ್ಯದ ಸಮಸ್ಯೆ. ಕನ್ನಡ ಲೇಖನದಲ್ಲಿ ಗ್ರಂಥದ ಮುಖಪುಟದಲ್ಲಿರುವ ರೂಪವನ್ನೇ ಉಳಿಸಿಕೊಂಡು, ಮತ್ತೊಂದು ರೂಪವನ್ನು ಮೊದಲ ಉಲ್ಲೇಖದಲ್ಲಿ ಒಮ್ಮೆ ಸೂಚಿಸುವುದು ಸದ್ಯಕ್ಕೆ ಸಾಕೆಂದು ನಮ್ಮ ಅಭಿಪ್ರಾಯ.

2018ರ ಆಸ್ಟಿನ್ ತತ್ತ್ವಗಳೂ 2019ರ ಟ್ರೊಮ್ಸೊ ಶಿಫಾರಸುಗಳೂ ಭಾಷಾವಿಜ್ಞಾನದಲ್ಲಿ ದತ್ತಾಂಶದ ಉಲ್ಲೇಖಕ್ಕೆ ಒಂದು ಚೌಕಟ್ಟನ್ನು ಕೊಟ್ಟಿವೆ: ದತ್ತಾಂಶವೂ ಗ್ರಂಥದಷ್ಟೇ ಉಲ್ಲೇಖಾರ್ಹ, ಸಂಗ್ರಹಿಸಿದವರಿಗೆ ಮನ್ನಣೆ ಸಲ್ಲಬೇಕು, ಯಾವ ಅಂಶದ ಮೇಲೆ ವಾದ ನಿಂತಿದೆಯೋ ಅದೇ ಅಂಶವನ್ನು ತೋರಿಸಬೇಕು. ಇದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಈ ಚೌಕಟ್ಟಿನ ಆದರ್ಶವೆಂದರೆ ಶಾಶ್ವತ ಗುರುತು ಪಡೆದ, ದಾಖಲಾಗಾರದಲ್ಲಿ ಠೇವಣಿಯಾದ ದತ್ತಾಂಶ. ನಮ್ಮಲ್ಲಿ ಬಹಳಷ್ಟು ದತ್ತಾಂಶ ಇರುವುದು ಪ್ರಬಂಧಗಳ ಅನುಬಂಧಗಳಲ್ಲಿ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾನಿಲಯ 1987ರಲ್ಲಿ ಸ್ಥಾಪನೆಯಾದದ್ದು. ಅಲ್ಲಿನಂತೆಯೇ ಇತರ ವಿಶ್ವವಿದ್ಯಾನಿಲಯಗಳ ಪ್ರಬಂಧಗಳನ್ನೂ ಶೋಧಗಂಗಾ ಸಂಚಯದಲ್ಲಿ ಓದಬಹುದು. ಆದರೆ 'ಆಕರ: ಶೋಧಗಂಗಾ' ಎಂದು ಬರೆಯುವುದು ಪುಸ್ತಕವೊಂದನ್ನು ಉಲ್ಲೇಖಿಸುವಾಗ 'ಆಕರ: ಜಿಲ್ಲಾ ಗ್ರಂಥಾಲಯ' ಎಂದು ಬರೆದಂತೆ. ಪ್ರಬಂಧಕಾರರ ಹೆಸರು, ವರ್ಷ, ವಿಶ್ವವಿದ್ಯಾನಿಲಯ, ಅನುಬಂಧದ ಪುಟ ಇಷ್ಟು ಇರಲೇಬೇಕು. ಎರಡು ಮೂರು ವರ್ಷ ತಾಂಡಾದಿಂದ ತಾಂಡಾಕ್ಕೆ ಅಲೆದು ಪದಪಟ್ಟಿ ಕೂಡಿಸಿದ ವಿದ್ಯಾರ್ಥಿನಿಯ ಹೆಸರು ಮಾಯವಾಗಿ ಸಂಚಯದ ಹೆಸರು ಮಾತ್ರ ಉಳಿಯುವುದು ಅನ್ಯಾಯ. ಆಕೆಯ ಹೆಸರಿಲ್ಲದೆ ಆ ಪಟ್ಟಿಯ ಕುರಿತು ಯಾರನ್ನು ಪ್ರಶ್ನಿಸಬೇಕೆಂಬುದೂ ತಿಳಿಯುವುದಿಲ್ಲ.

ಇನ್ನೊಂದು ರೋಗಲಕ್ಷಣ: ಒಂದೇ ಅಂಕಿಗೆ ಮೂರು ಆಕರಗಳನ್ನು ಸಾಲಾಗಿ ಕೊಟ್ಟು ಬಲ ತೋರಿಸುವುದು. ಎತ್ನೊಲಾಗ್, ಒಂದು ವಿಶ್ವಕೋಶ, ಜನಗಣತಿ ಎಂದು ಮೂರನ್ನು ಹೆಸರಿಸಿದರೂ ಮೊದಲೆರಡು ತಮ್ಮ ಅಂಕಿಯನ್ನು ಮೂರನೆಯದರಿಂದಲೇ ಪಡೆದಿದ್ದರೆ ಸಾಕ್ಷಿ ಒಬ್ಬನೇ.

ಇಷ್ಟೆಲ್ಲ ವಿವರ ಬರೆದರೆ ಅಡಿಟಿಪ್ಪಣಿಯೇ ಕೋಷ್ಟಕಕ್ಕಿಂತ ಉದ್ದವಾಗುವುದಿಲ್ಲವೆ ಎಂಬ ಆಕ್ಷೇಪ ಬರುತ್ತದೆ. ಕೆಲವೊಮ್ಮೆ ಆಗುತ್ತದೆ. 'ಭಾರತದ ಜನಗಣತಿ 2011, ಕೋಷ್ಟಕ ಸಿ-16, ಕರ್ನಾಟಕ, ಶಿವಮೊಗ್ಗ ಜಿಲ್ಲೆ (ಮೂಲದಲ್ಲಿ ಶಿಮೊಗ), ಹಿಂದಿ ಗುಂಪಿನ ಲಮಾಣಿ/ಲಂಬಾಡಿ ಮತ್ತು ಬಂಜಾರಿ ಸಾಲುಗಳ ಮೊತ್ತ. ಕೂಡಿಕೆ ನಮ್ಮದು' ಎಂಬ ಟಿಪ್ಪಣಿ ಎರಡು ಸಾಲು ಹಿಡಿಯುತ್ತದೆ. ಅದರಲ್ಲಿ ಅತಿ ಮುಖ್ಯವಾದ ಭಾಗ ಕೊನೆಯ ಎರಡು ಪದ. ಎರಡು ಸಾಲುಗಳನ್ನು ಕೂಡಿಸಿ ಒಂದು ಭಾಷೆಯೆಂದು ನಿರ್ಣಯಿಸಿದವರು ಗಣತಿಯವರಲ್ಲ, ಲೇಖಕರು; ಆ ನಿರ್ಣಯಕ್ಕೆ ಉತ್ತರ ಕೊಡಬೇಕಾದವರೂ ಅವರೇ. ಪುಟಮಿತಿಯ ಕಾರಣಕ್ಕೆ ಇಂಥ ಟಿಪ್ಪಣಿಯನ್ನು ಮೊಟಕುಗೊಳಿಸುವಂತೆ ಕೇಳುವ ಸಂಪಾದಕರು ಕೋಷ್ಟಕವನ್ನೇ ತೆಗೆದುಹಾಕಲು ಹೇಳುವುದು ಲೇಸು.

ಮುಂದಿನ ಗಣತಿಗೆ 2027ರ ಮಾರ್ಚ್ 1 ಆಧಾರದಿನವೆಂದು ಪ್ರಕಟವಾಗಿದೆ. ಅದರ ಭಾಷಾ ಕೋಷ್ಟಕಗಳು ಬಂದಾಗ ಶಿವಮೊಗ್ಗ, ಭದ್ರಾವತಿಗಳ ಹಳೆಯ ವರದಿಗಳೊಡನೆ ಹೋಲಿಕೆ ಆರಂಭವಾಗುತ್ತದೆ. ಲಮಾಣಿ ಅದೇ ಗುಂಪಿನಲ್ಲಿ ಉಳಿದಿದೆಯೆ, ಹೊಸ ಹೆಸರುಗಳು 10,000ದ ಮಿತಿಯನ್ನು ದಾಟಿವೆಯೆ, ಆ ಮಿತಿಯೇ ಉಳಿದಿದೆಯೆ ಎಂಬುದನ್ನು ನೋಡಿದ ಮೇಲಲ್ಲದೆ ಏರಿಕೆ ಇಳಿಕೆಗಳ ಮಾತು ಆಡುವಂತಿಲ್ಲ. ಹಳೆಯ ವರದಿಯ ಅಂಕಿ ಯಾವ ಸಾಲಿನದೆಂದು ಬರೆದಿಟ್ಟವರಿಗೆ ಆ ಹೋಲಿಕೆ ಒಂದು ಮಧ್ಯಾಹ್ನದ ಕೆಲಸ. ಉಳಿದವರು 2011ರ ಕೋಷ್ಟಕವನ್ನು ಮೊದಲಿನಿಂದ ಮತ್ತೆ ತೆರೆಯಬೇಕಾಗುತ್ತದೆ.